ಒಗೆದ ಮಾತು

ಸೂರತ್
೯ ಜೂನ್ ೨೦೨೪

ಅಪೂರ್ವಾ ಮೇಡಂ ಅವರಿಗೆ ನಿಮ್ಮ ಮನಸ್ವಿನಿಯ ನಮಸ್ಕಾರಗಳು.

ಕೇಸಿನ ಮಾತು ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ, ಕಾಗದದಲ್ಲಿ ಬರಿ, ಕನ್ನಡದಲ್ಲಿ ಬರಿ, ಹಾದಿಯಲ್ಲಿ ಯಾರು ಒಡೆದರೂ ಓದಲಾರರು ಎಂದು ಪಿಎಚ್.ಡಿ. ಮುಗಿಯುವವರೆಗೂ ನನ್ನ ತಲೆಗೆ ತುಂಬಿದಿರಲ್ಲ, ಅದಕ್ಕೇ ಈ ಕಾಗದ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿನ ಹೆಂಗಸು ನನ್ನನ್ನು ಎರಡು ಸಲ ನೋಡಿದಳು.

ಅಡಾಜಣ್‌ನಲ್ಲಿ ಮನೆ ಸಿಕ್ಕಿದೆ. ಜೊತೆಗೆ ಇಬ್ಬರು ಹುಡುಗಿಯರು, ಇಬ್ಬರೂ ವಜ್ರದ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಬೇಳೆಗೂ ಬೆಲ್ಲ ಹಾಕುತ್ತಾರೆ. ನಾನು ಜೋಳದ ರೊಟ್ಟಿ ಬಡಿಯಲು ಕುಳಿತರೆ ಮೇಲಿನ ಮನೆಯವರು ಏನು ಸದ್ದು ಎಂದು ಇಳಿದು ಬರುತ್ತಾರೆ. ಕಾಲೇಜಿನಲ್ಲಿ ಸದ್ಯಕ್ಕೆ ಗುತ್ತಿಗೆ ಕೆಲಸ. ಡಿಸೆಂಬರಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನ. ನಿಮ್ಮ ಶಿಫಾರಸು ಪತ್ರ ಬೇಕಾಗುತ್ತದೆ, ಈಗಲೇ ಹೇಳಿಟ್ಟಿದ್ದೇನೆ.

ಈಗ ನಿಜವಾದ ಸುದ್ದಿ. ವಡೋದರಾದಲ್ಲಿ ಕೋರ್ಟಿನ ಆದೇಶದ ಮೇಲೆ ಇಟ್ಟಿರುವ ರೋಗಿಗಳ ವಾರ್ಡಿಗೆ ತಿಂಗಳಿಗೊಮ್ಮೆ ಹೋಗಿ ಮನೋಮೌಲ್ಯಮಾಪನ ಮಾಡುವ ಕೆಲಸ ನನಗೆ ಬಂದಿದೆ. ಪಟ್ಟಿ ನೋಡುತ್ತಿದ್ದೆ. ಕನ್ನಡದ ಹೆಸರು ಕಂಡಿತು. ಶಾಂತಾ, ಸಿಂದಗಿ ತಾಲೂಕು. ಮೇಡಂ, ನಿಮ್ಮ ಶ್ರೀಮತಿ ಎಸ್.! ನಿಮ್ಮ ಲೇಖನದಲ್ಲಿ ಇಂಗ್ಲಿಷಿನಲ್ಲಿ ಓದಿ ಓದಿ ನಮಗೆಲ್ಲ ಬಾಯಿಪಾಠವಾಗಿದ್ದ ಹೆಂಗಸು. ‘ಅವನು ಮಗುವನ್ನು ತೊಳೆದ’ ಎಂಬ ಆ ವಾಕ್ಯದ ಮೇಲೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಸಿಂದಗಿ ನಮ್ಮೂರಿಗೆ ಒಂದೇ ಬಸ್ಸು. ನಿಮ್ಮಿಂದ ತಿಳಿಯಬೇಕಾದದ್ದು ಏನಾದರೂ ಇದ್ದರೆ ಬರೆಯಿರಿ.

ನಿಮ್ಮ,
ಮನು


ಬೋಡಕ್‌ದೇವ್, ಅಹಮದಾಬಾದ್
೧೮ ಜೂನ್ ೨೦೨೪

ಮನು,

ಕಾಗದ ಬಂತು ಕಣೇ. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಇನ್ನು ಮುಂದೆ ಹೆಸರು ಬರೆಯಬೇಡ, ಊರು ಬರೆಯಬೇಡ. ಶ್ರೀಮತಿ ಎಸ್. ಅಂದರೆ ಸಾಕು, ನನಗೆ ತಿಳಿಯುತ್ತದೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ೨೦೧೮ರ ಬೇಸಿಗೆ. ವಡೋದರಾದ ಮಂಜಲ್‌ಪುರದಲ್ಲಿ ಒಂದು ಬಾಡಿಗೆ ಮನೆ, ಮೇಲೆ ತಾರಸಿ. ಗಂಡ ಮಕರಪುರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸದವನು. ತೊಟ್ಟಿಲಿನ ಕೂಸು ತಾರಸಿಯಿಂದ ಕೆಳಗೆ ಬಿದ್ದು ಸತ್ತಿತ್ತು. ಆಗ ಮೇಲಿದ್ದವರು ಗಂಡ ಹೆಂಡತಿ ಇಬ್ಬರೇ. ಹೆರಿಗೆಯಾದಾಗಿನಿಂದ ಇವಳ ತಲೆ ಸರಿಯಿಲ್ಲ, ಇವಳೇ ಎಸೆದಳು ಎಂದು ಗಂಡ ಹೇಳಿಕೆ ಕೊಟ್ಟ. ಇವಳಿಗೆ ಗುಜರಾತಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ದುಭಾಷಿ ಸಿಗದೆ ಎಲ್ಲರೂ ಕೈ ಹಿಸುಕಿಕೊಳ್ಳುತ್ತಿದ್ದರು. ದುಭಾಷಿ ಯಾತಕ್ಕೆ, ನಾನು ಮೈಸೂರಿನವಳು, ಕನ್ನಡ ನನ್ನ ಮನೆಮಾತು ಎಂದು ನಾನೇ ಹೋದೆ.

ಅವಳ ಎದುರು ಕುಳಿತು ಕೇಳಿಸಿಕೊಂಡಿದ್ದೇನೆ ಮನು. ಅಳಲಿಲ್ಲ. ಬಟ್ಟೆಯನ್ನೂ ಮಗುವನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿಹಾಕಿ ಮಾತಾಡಿದಳು. ಕೇಳಿದರೆ ಕೈ ಬೀಸಿ ತೋರಿಸಿದಳು, ಕಲ್ಲಿಗೆ ಬಟ್ಟೆ ಬಡಿಯುವ ಹಾಗೆ. ಮಗು ಅಳುತ್ತಿತ್ತು, ಅದಕ್ಕೇ ಗಂಡ ಹಾಗೆ ಮಾಡಿದ, ಮೇಲಿಂದ ಮಾಡಿದ ಅಂದಳು. ಮೇಲಿಂದ ತೊಳೆಯುವುದು ಅಂದರೇನು? ಅರ್ಥದ ಕೊಂಡಿ ಕಳಚಿಹೋದ ಮಾತು ಹೇಗಿರುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಉದಾಹರಣೆ ನಾನು ಬೇರೆ ಕಂಡಿಲ್ಲ. ವಿಚಾರಣೆ ಎದುರಿಸಲು ಅರ್ಹಳಲ್ಲ ಎಂದು ಬರೆದೆ. ಡಾಕ್ಟರುಗಳು ಒಪ್ಪಿದರು, ಕೋರ್ಟು ಒಪ್ಪಿತು. ಇಲ್ಲದಿದ್ದರೆ ಅವಳಿಗೆ ಜೈಲೇ ಗತಿಯಾಗಿತ್ತು. ಆ ಲೇಖನದಿಂದ ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಯಿತು ಅನ್ನುವುದೂ ನಿಜ. ಈ ವರ್ಷದ ಕೊನೆಗೆ ನನ್ನ ಪ್ರೊಫೆಸರ್ ಹುದ್ದೆಯ ಸಂದರ್ಶನವಿದೆ, ಅದಕ್ಕೂ ಅದೇ ಮೊದಲ ಪುಟ.

ನಿನಗೊಂದೇ ಬುದ್ಧಿಮಾತು. ನಮ್ಮ ಕಡೆಯವಳು ಅಂತ ಕರಗಬೇಡ. ರೊಟ್ಟಿ ಚಟ್ನಿ ಸುದ್ದಿಗೆ ಇಳಿದರೆ ವರದಿ ಕೆಡುತ್ತದೆ. ಅವಳು ಆ ವಾಕ್ಯವನ್ನು ಈಗಲೂ ಹೇಳುತ್ತಾಳಾ ನೋಡು. ಹೇಳಿದರೆ ‘ಬದಲಾವಣೆ ಇಲ್ಲ’ ಎಂದು ಬರೆದು ಎದ್ದು ಬಾ.

ಶಿಫಾರಸು ಪತ್ರ ಬರೆಯದೆ ಇರುತ್ತೇನಾ? ಹೊಟ್ಟೆಗೆ ಸರಿಯಾಗಿ ತಿನ್ನು.

ಅಪೂರ್ವಾ


ಸೂರತ್
೨೧ ಜುಲೈ ೨೦೨೪

ಮೇಡಂ,

ಮಳೆ ಹಿಡಿದಿದೆ, ತಾಪಿ ತುಂಬಿ ಹರಿಯುತ್ತಿದೆ, ಗೋಡೆಯೆಲ್ಲ ಜಿಬಿಜಿಬಿ. ವಡೋದರಾಕ್ಕೆ ಹೋಗಿ ಬಂದೆ.

ಶ್ರೀಮತಿ ಎಸ್. ಅವರನ್ನು ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣವರು, ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ವಾರ್ಡಿನ ಹಿಂಭಾಗದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ನಾನು ನಮ್ಮ ಭಾಷೆಯಲ್ಲಿ ಮಾತಾಡಿಸಿದ ಕೂಡಲೇ ಕೈಯಲ್ಲಿದ್ದ ಚಾದರ ಹಾಗೇ ನಿಂತಿತು. ಯಾವೂರ್ರಿ ನಿಮ್ಮದು ಎಂದು ಕೇಳಿದರು. ಹೇಳಿದೆ. ಆ ಊರಿನ ಬಸ್ ಸ್ಟ್ಯಾಂಡಿನ ಎದುರು ಬೇವಿನ ಗಿಡ ಇನ್ನೂ ಇದೆಯಾ ಎಂದರು. ಇದೆ ಎಂದೆ. ನೀವು ಕರಗಬೇಡ ಎಂದಿದ್ದಿರಿ. ಗಿಡದ ಮಾತಿಗೆ ಉತ್ತರ ಕೊಟ್ಟದ್ದು ಕರಗಿದ ಲೆಕ್ಕವೋ ಏನೋ ತಿಳಿಯದು.

ಆ ವಾಕ್ಯವನ್ನು ಹೇಳಿದರು. ಕೇಳದೆಯೇ ಹೇಳಿದರು.

ಮೇಡಂ, ಒಂದು ಸಣ್ಣ ಪ್ರಶ್ನೆ, ನಗಬೇಡಿ. ಮೈಸೂರಿನಲ್ಲಿ ನಿಮ್ಮ ಮನೆಯಲ್ಲಿ ಕಸವನ್ನು ಹೊರಗೆ ಹಾಕಿ ಬಾ ಎನ್ನುವುದಕ್ಕೆ ಏನೆನ್ನುತ್ತೀರಿ? ಹುಡುಗರು ಮಾವಿನ ಗಿಡಕ್ಕೆ ಕಲ್ಲು ಬೀರಿದರೆ ಏನೆನ್ನುತ್ತೀರಿ? ಇನ್ನೊಂದು, ೨೦೧೮ರಲ್ಲಿ ಅವರು ಹೇಳಿದ ಕನ್ನಡ ಮಾತನ್ನು ಇದ್ದ ಹಾಗೆ ಎಲ್ಲಿಯಾದರೂ ಬರೆದಿಟ್ಟಿದ್ದೀರಾ? ವರದಿಯಲ್ಲೂ ಇಂಗ್ಲಿಷ್, ಲೇಖನದಲ್ಲೂ ಇಂಗ್ಲಿಷ್. ನನಗೆ ಎಲ್ಲಿಯೂ ಸಿಗಲಿಲ್ಲ.

ನನ್ನ ವರದಿಯನ್ನು ಇನ್ನೂ ಕೊಟ್ಟಿಲ್ಲ. ಜ್ವರ ಎಂದು ಹೇಳಿ ಒಂದಿಷ್ಟು ಕಾಲಾವಕಾಶ ಕೇಳಿದ್ದೇನೆ. ಜ್ವರ ಏನೂ ಇಲ್ಲ.

ಮನಸ್ವಿನಿ


ಬೋಡಕ್‌ದೇವ್
೩೦ ಜುಲೈ ೨೦೨೪

ಮನು,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಕಸ ಬಿಸಾಕುತ್ತೇವೆ ಕಣಮ್ಮಾ. ಕಲ್ಲು ಎಸೆಯುತ್ತೇವೆ, ಬೀರುತ್ತೇವೆ. ಇದನ್ನು ಕೇಳುವುದಕ್ಕೆ ಲಕೋಟೆ ಬೇಕಾ?

ನಿನ್ನ ರೋಗ ಏನೆಂದು ನನಗೆ ಗೊತ್ತು. ಊರು ನೆನಪಾಗಿದೆ. ಹೊಸದಾಗಿ ಈ ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಮೊದಲ ವರ್ಷ ಒಬ್ಬ ರೋಗಿ ಸಿಗುತ್ತಾರೆ, ಇವರೊಬ್ಬರೇ ನಿರಪರಾಧಿ ಅನ್ನಿಸುತ್ತದೆ. ನನಗೂ ಸಿಕ್ಕಿದ್ದರು. ಅದು ದಾಟಬೇಕಾದ ಹೊಳೆ. ಇಲ್ಲಾ, ಈ ಕೇಸಿನ ಮೇಲೆ ನೀನೂ ಒಂದು ಲೇಖನ ಬರೆಯಬೇಕು ಅಂದುಕೊಂಡಿದ್ದರೆ ಬಾಯಿ ಬಿಟ್ಟು ಹೇಳು, ಇಬ್ಬರೂ ಸೇರಿ ಬರೆಯೋಣ. ಸುತ್ತಿ ಬಳಸಿ ಮೂಲ ಹೇಳಿಕೆ ಕೇಳುವುದು ಬೇಡ.

ಮೂಲ ಕನ್ನಡ ಬರೆದಿಟ್ಟಿಲ್ಲ. ಕೇಳಿದ ಕೂಡಲೇ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದೆ. ನನ್ನ ಭಾಷೆಯನ್ನು ನಾನು ತರ್ಜುಮೆ ಮಾಡಿದರೆ ಅದಕ್ಕೆ ಸಾಕ್ಷಿ ಬೇರೆ ಬೇಕಾ? ಆದರೂ ನನ್ನ ಕಿವಿಯಲ್ಲಿ ಇದೆ. ಬಟ್ಟೆ ಒಗೆಯೋಕೆ ಹೋಗಿದ್ದೆ ಅಂದಳು, ಅವನು ಕೂಸನ್ನು ಒಗೆದ ಅಂದಳು. ಒಗೆದ, ಅಂದರೆ ತೊಳೆದ. ಇದರಲ್ಲಿ ಏನು ಸಂಶಯ?

ವರದಿ ಕೊಡು. ಕೋರ್ಟಿಗೆ ತಡ ಮಾಡಿದ ಹೆಸರು ಬಂದರೆ ಡಿಸೆಂಬರಿನಲ್ಲಿ ಅದನ್ನೇ ಹಿಡಿದು ಜಗ್ಗುತ್ತಾರೆ.

ಅಪೂರ್ವಾ


ಸೂರತ್
೧ ಸೆಪ್ಟೆಂಬರ್ ೨೦೨೪

ಮೇಡಂ,

ಆಗಸ್ಟ್ ತಿಂಗಳೆಲ್ಲ ಈ ಕಾಗದವನ್ನು ಬರೆದು ಹರಿದೆ. ಇನ್ನು ಹರಿಯುವುದಿಲ್ಲ.

ನಮ್ಮ ಕಡೆ ಕಸ ಒಗೆಯುತ್ತೇವೆ. ಕಲ್ಲು ಒಗೆಯುತ್ತೇವೆ. ಚೆಂಡು ಒಗೆಯುತ್ತೇವೆ. ಸಣ್ಣವಳಿದ್ದಾಗ ನಾನು ಮಾವಿನ ಗಿಡದ ಕೆಳಗೆ ನಿಂತರೆ ನಮ್ಮವ್ವ ಒಳಗಿನಿಂದಲೇ ‘ಕಲ್ಲ ಒಗೀಬ್ಯಾಡಲೇ, ಯಾರದರೆ ತಲಿ ಒಡದೀತು’ ಎಂದು ಕೂಗುತ್ತಿದ್ದಳು. ಬಟ್ಟೆಯನ್ನೂ ಒಗೆಯುತ್ತೇವೆ, ಅದು ನಿಮಗೂ ಗೊತ್ತು. ಎರಡಕ್ಕೂ ಒಂದೇ ಶಬ್ದ. ನಮಗೆ ಎಂದೂ ಗೊಂದಲವಾಗಿಲ್ಲ, ಏಕೆಂದರೆ ಯಾರೂ ಕಲ್ಲನ್ನು ತೊಳೆಯಲು ಗಿಡದ ಕಡೆ ಬೀಸುವುದಿಲ್ಲ. ನಿಘಂಟು ತೆಗೆದು ನೋಡಿದೆ, ಎರಡೂ ಅರ್ಥ ಇವೆ.

ಆಗಸ್ಟಿನಲ್ಲಿ ಮತ್ತೆ ಹೋಗಿದ್ದೆ. ಶಾಂತಾ ಹೇಳಿದ್ದನ್ನು ಕನ್ನಡದಲ್ಲಿ, ಇದ್ದ ಹಾಗೆ ಬರೆಯುತ್ತೇನೆ. ಹೆಸರು ಬರೆದೆ, ಕ್ಷಮಿಸಿ.

‘ಅರಿಬಿ ಒಗ್ಯಾಕ ಮ್ಯಾಲ ಹೋಗಿದ್ನಿರಿ. ಕೂಸು ಅಳತಿತ್ತು. ಅಂವ ರಾತ್ರಿ ಪಾಳಿ ಮುಗಿಸಿ ಮಲಗಿದ್ದ, ನಿದ್ದಿ ಕೆಟ್ಟು ಎದ್ದು ಬಂದ. ನನ್ನ ಕೈಯಾಗಿಂದ ಕಸಗೊಂಡಾ. ಅಂವ ಕೂಸಿನ್ನ ಒಗದಾನ್ರಿ.’

ಹೇಳಿ ಕೈ ಬೀಸಿ ತೋರಿಸಿದರು. ಮೇಡಂ, ಅದು ಬಟ್ಟೆ ಬಡಿಯುವ ಕೈ ಅಲ್ಲ.

ಇಷ್ಟು ವರ್ಷ ಬಂದವರೆಲ್ಲ ನಿಮ್ಮ ವರದಿಯನ್ನು ಓದಿಕೊಂಡೇ ಬಂದರು. ಗುಜರಾತಿ ಡಾಕ್ಟರುಗಳಿಗೆ ನಿಮ್ಮ ಇಂಗ್ಲಿಷೇ ಕನ್ನಡ. ಆಕೆ ಆ ಮಾತು ಹೇಳಿದಾಗಲೆಲ್ಲ ‘ಬದಲಾವಣೆ ಇಲ್ಲ’ ಎಂದು ಬರೆದರು. ನಿಜ ಹೇಳಿದ್ದೇ ರೋಗದ ಲಕ್ಷಣವಾಯಿತು. ಆಕಿ ಹುಚ್ಚಿ ಅಲ್ಲ ಮೇಡಂ. ಆಕಿ ನಮ್ಮ ಮಾತು ಆಡಿದಳು, ಅಷ್ಟೇ.

ಇನ್ನೊಂದು ವಿಷಯ. ಗಂಡ ಅನಿಲ್ ಈಗ ವಡೋದರಾದಲ್ಲಿಲ್ಲ, ಇಲ್ಲೇ ಸೂರತ್ತಿನಲ್ಲಿದ್ದಾನೆ, ಬಟ್ಟೆ ಗಿರಣಿಯಲ್ಲಿ. ಮತ್ತೆ ಮದುವೆಯಾಗಿದ್ದಾನೆ. ಮನೆಯಲ್ಲಿ ಒಂದು ಕೂಸಿದೆ ಎಂದು ಕೇಳಿದೆ. ನನಗೆ ಆ ಕೂಸಿನದೇ ಚಿಂತೆ ಹತ್ತಿದೆ.

ಏನು ಮಾಡಲಿ ಹೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಮನು


ಸೂರತ್
೬ ಅಕ್ಟೋಬರ್ ೨೦೨೪

ಮೇಡಂ,

ನನ್ನ ಕಾಗದ ತಲುಪಿತೋ ಇಲ್ಲವೋ. ಇಲ್ಲಿ ಕೆಳಗಡೆ ನವರಾತ್ರಿಯ ಗರ್ಬಾ ಕುಣಿತ ನಡೆದಿದೆ, ಕಿವಿ ಕೂಡ ನನ್ನದಲ್ಲ. ವರದಿಗೆ ಕೊನೆಯ ಗಡುವು ನವೆಂಬರ್ ಎಂದಿದ್ದಾರೆ. ಒಂದೇ ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಮನು


ಅಹಮದಾಬಾದ್
೨೧ ಅಕ್ಟೋಬರ್ ೨೦೨೪

ಡಾ. ಮನಸ್ವಿನಿ ಅವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ.

ಒಂದು ಶಬ್ದದ ಪ್ರಾದೇಶಿಕ ಅರ್ಥದ ಮೇಲೆ ಒಂದು ವೈದ್ಯಕೀಯ ನಿರ್ಣಯ ನಿಂತಿರುವುದಿಲ್ಲ. ನಿದ್ರೆ, ಊಟ, ಮುಖಭಾವ, ಹೆರಿಗೆಯ ನಂತರದ ಇತಿಹಾಸ ಎಲ್ಲವನ್ನೂ ನೋಡಿ ಬರೆದದ್ದು. ನನ್ನ ನಂತರ ಆಕೆಯನ್ನು ನೋಡಿದವರು ಅನೇಕರಿದ್ದಾರೆ. ಅವರೆಲ್ಲರಿಗೂ ಕಾಣದ್ದು ಎರಡು ಭೇಟಿಯಲ್ಲಿ ನಿಮಗೆ ಕಂಡಿದೆ ಎಂದರೆ ಅದನ್ನು ಸಾಬೀತುಪಡಿಸುವ ಹೊಣೆಯೂ ನಿಮ್ಮದೇ. ನಿಮ್ಮ ವರದಿಯನ್ನು ನಿಮ್ಮ ವಿವೇಕಕ್ಕೆ ತಕ್ಕಂತೆ ಬರೆಯಿರಿ.

ಶಿಫಾರಸು ಪತ್ರ ಸಿದ್ಧವಿದೆ. ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಅಪೂರ್ವಾ


ಸೂರತ್
೨೮ ನವೆಂಬರ್ ೨೦೨೪

ಮೇಡಂ,

ನೀವು ನನ್ನನ್ನು ‘ಅವರಿಗೆ’ ಎಂದು ಕರೆದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಅದನ್ನು ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಒಂದು ಹಾದಿ ಹುಡುಕಿದ್ದೇನೆ. ನಿಮ್ಮ ಲೇಖನಕ್ಕೆ, ಹೆಸರಿಗೆ ಏನೂ ಆಗುವುದಿಲ್ಲ. ನನಗೂ ಕೆಲಸ ಬೇಕು ಮೇಡಂ, ಅದನ್ನೂ ಮುಚ್ಚಿಡುವುದಿಲ್ಲ.

ಮೊನ್ನೆ ಶಾಂತಾ ಅವರ ಹತ್ತಿರ ಕುಳಿತು ಹೇಳಿದೆ. ಅಕ್ಕಾ, ನಿಮ್ಮನ್ನು ಇಲ್ಲಿ ಕಟ್ಟಿಹಾಕಿರುವುದು ಆ ಒಂದು ಮಾತು. ಆ ಮಾತು ಬಿಡಿ. ಬಂದವರು ಕೇಳಿದರೆ ಊಟ ಮಾಡಿದೆ, ನಿದ್ದೆ ಬಂತು, ಆರಾಮ ಇದ್ದೀನಿ ಎನ್ನಿ ಸಾಕು. ಹಾಗೆ ಹೇಳಿದರೆ ನೀವು ಗುಣವಾದಿರಿ ಎಂದು ಬರೆಯುತ್ತಾರೆ, ಕೋರ್ಟಿಗೆ ಕರೆಯುತ್ತಾರೆ, ಅಲ್ಲಿ ಎಲ್ಲ ಹೇಳಿದರಾಯಿತು. ಆಕೆ ‘ಆ ಮಾತು ಬಿಟ್ರ ನನಗ ಆರಾಮ ಆಗ್ತದೇನ್ರಿ?’ ಎಂದರು. ಹೌದೆಂದೆ. ನಮ್ಮ ಕಡೆ ಆರಾಮ ಆಗುವುದೆಂದರೆ ರೋಗ ವಾಸಿಯಾಗುವುದು, ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಿನ್ನೆ ಡಾಕ್ಟರುಗಳೂ ನಾನೂ ಇರುವ ವಾರ್ಡಿನ ಪರಿಶೀಲನಾ ಸಮಿತಿಯ ಮುಂದೆ ಆಕೆ ಆ ವಾಕ್ಯ ಹೇಳಲಿಲ್ಲ. ‘ಸುಧಾರಣೆ ಇದೆ, ವಿಚಾರಣೆ ಎದುರಿಸಲು ಅರ್ಹಳು’ ಎಂದು ಎಲ್ಲರೂ ಸಹಿ ಹಾಕಿದೆವು. ಶಬ್ದದ ವಿಷಯವನ್ನು ನಾನು ಎಲ್ಲಿಯೂ ಎತ್ತಿಲ್ಲ.

ನಿಮ್ಮ ಮನು


ಅಹಮದಾಬಾದ್
೩೦ ನವೆಂಬರ್ ೨೦೨೪

ಮನು,

ನಾನು ಅಕ್ಟೋಬರಿನಲ್ಲಿ ಬರೆದದ್ದಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ನೀನು ನನ್ನ ಜೊತೆ ಮಾತು ಬಿಟ್ಟಿದ್ದರೆ ಅದೂ ಸರಿಯೇ.

ಆ ಅಕ್ಟೋಬರಿನ ಕಾಗದವನ್ನು ಒಲೆಗೆ ಹಾಕು. ಅದನ್ನು ಬರೆದವಳಿಗೆ ಉತ್ತರ ಗೊತ್ತಿತ್ತು. ನಿನ್ನ ಸೆಪ್ಟೆಂಬರಿನ ಕಾಗದ ಓದಿದ ದಿನವೇ ನಮ್ಮ ಬಡಾವಣೆಯ ಬ್ಯಾಂಕಿನಲ್ಲಿರುವ ಹುಬ್ಬಳ್ಳಿಯ ಭೀಮಸೇನ ರಾಯರನ್ನು ಕೇಳಿದ್ದೆ. ಅವರು ‘ಒಗಿಯೂದಂದ್ರ ಎಸಿಯೂದ್ರೀ, ಅದರಾಗೇನೈತಿ’ ಎಂದು ಹೇಳಿ ಪಾಸ್‌ಬುಕ್ಕಿನ ಕಡೆ ತಿರುಗಿದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆಮೇಲೆ ನಿನಗೆ ಆ ಕಾಗದ ಬರೆದೆ. ಅಷ್ಟು ಓದಿದವಳು, ಅಷ್ಟು ಜನರ ಸುಳ್ಳು ಹಿಡಿದವಳು, ನನ್ನ ಸುಳ್ಳನ್ನು ಎಷ್ಟು ಸಲೀಸಾಗಿ ಬರೆದೆ ನೋಡು.

ನವೆಂಬರಿನ ಮೊದಲ ವಾರ, ನನ್ನ ಸಂದರ್ಶನಕ್ಕೆ ಓದಿಕೊಳ್ಳುವುದು ಬಿಟ್ಟು ವಡೋದರಾಕ್ಕೆ ಹೋದೆ. ಶಾಂತಾ ನನ್ನ ಗುರುತು ಹಿಡಿದಳು. ನಮಸ್ಕಾರ ಮಾಡಿದಳು ಕಣೇ. ಅದೇ ಮಾತು ಹೇಳಿದಳು, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಆರು ವರ್ಷ ಯಾರೂ ನಂಬದ ಮಾತನ್ನು ಅಷ್ಟು ನೆಟ್ಟಗೆ ಹಿಡಿದುಕೊಂಡವಳಿಗೆ ಹುಚ್ಚು ಎಂದು ಬರೆದ ಕೈ ಇದು. ನನಗೆ ಮೈಸೂರಿನ ಕನ್ನಡವೇ ಕನ್ನಡ, ಉಳಿದದ್ದು ಅದರ ಕೆಟ್ಟ ರೂಪ ಎಂಬ ಸೊಕ್ಕು ಇತ್ತು. ಬೇರೆ ಏನೂ ಕಾರಣವಿಲ್ಲ. ಪಕ್ಕದಲ್ಲಿ ಬೀದರಿನ ಕೂಲಿಯವನೊಬ್ಬನನ್ನು ಕೂರಿಸಿಕೊಂಡಿದ್ದರೂ ಸಾಕಾಗಿತ್ತು.

ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿದ್ದೇನೆ. ಒಗೆ ಎಂದರೆ ಆ ಸೀಮೆಯಲ್ಲಿ ಎಸೆ, ನನ್ನ ಅನುವಾದ ತಪ್ಪು, ಆಕೆಯ ಮಾತು ಸುಸಂಬದ್ಧವಾಗಿತ್ತು, ಗಂಡ ಎಸೆದ ಎಂದೇ ಆಕೆ ಮೊದಲ ದಿನದಿಂದ ಹೇಳುತ್ತ ಬಂದಿದ್ದಾಳೆ ಎಂದು. ನಿಘಂಟಿನ ಪುಟವನ್ನೂ ಲಗತ್ತಿಸಿದ್ದೇನೆ. ಲೇಖನ ವಾಪಸ್ ಪಡೆಯಲು ಪತ್ರಿಕೆಗೆ ಬರೆದಿದ್ದೇನೆ. ಸಂದರ್ಶನಕ್ಕೆ ಹೋಗುವುದಿಲ್ಲ.

ನೀನು ಮಾಡಬೇಕಾದ್ದು ಒಂದೇ. ಶಾಂತಾಳಿಗೆ ಹೇಳು, ಆ ಮಾತನ್ನು ಬಿಡಬಾರದು. ಯಾರು ಕೇಳಿದರೂ ಅದನ್ನೇ ಹೇಳಲಿ. ಈಗ ಅವಳಿಗೆ ಇರುವ ಆಸರೆ ಅದೊಂದೇ. ಶಿಫಾರಸು ಪತ್ರ ಇದರ ಜೊತೆಗಿದೆ. ನನ್ನ ಸಹಿಗೆ ಇನ್ನು ಎಷ್ಟು ಬೆಲೆ ಉಳಿಯುತ್ತದೋ, ಬೇಗ ಕೊಟ್ಟುಬಿಡು.

ಅಪೂರ್ವಾ


ವಡೋದರಾ
೮ ಡಿಸೆಂಬರ್ ೨೦೨೪

ಮೇಡಂ,

ನಮ್ಮ ಕಾಗದಗಳು ಹಾದಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಫೋನ್ ಮಾಡಬಹುದಿತ್ತು ಮೇಡಂ. ಇಬ್ಬರಲ್ಲಿ ಒಬ್ಬರಾದರೂ ಆ ಹಾಳು ನಿಯಮ ಮುರಿಯಬಹುದಿತ್ತು.

ನಿಮ್ಮ ಕಾಗದ ಕೈಗೆ ಬಂದ ಕೂಡಲೇ ರೈಲು ಹತ್ತಿದೆ. ಶಾಂತಾ ಅವರಿಗೆ ಹೇಳಿದೆ, ಅಕ್ಕಾ, ಆ ಮಾತನ್ನ ಹೇಳ್ರಿ, ಖರೇದು ಹೇಳ್ರಿ, ಈಗ ಎಲ್ಲಾರೂ ಕೇಳತಾರ. ಆಕೆ ನಕ್ಕರು. ಮೊದಲ ಸಲ ಆಕೆ ನಕ್ಕಿದ್ದನ್ನು ನೋಡಿದೆ. ‘ಬಿಟ್ಟೀನ್ರಿ ಅದನ್ನ’ ಎಂದರು. ನಾನು ಮತ್ತೆ ಮತ್ತೆ ಕೇಳಿದೆ. ಕೇಳಿದಷ್ಟೂ ಊಟ ಮಾಡಿದೆ, ನಿದ್ದೆ ಬಂತು, ಆರಾಮ ಇದ್ದೀನಿ ಎಂದರು. ನಾನು ಕಲಿಸಿಕೊಟ್ಟದ್ದು ಅದೇ ತಾನೆ.

ಆಕೆ ಇದನ್ನೂ ಪರೀಕ್ಷೆ ಎಂದೇ ತಿಳಿದಿದ್ದಾರೆ. ಆರು ವರ್ಷ ಬಂದವರೆಲ್ಲ ಪರೀಕ್ಷೆ ಮಾಡಿದವರೇ. ಆ ಮಾತು ಹೇಳಿ ಎನ್ನುವವರು ಆಮೇಲೆ ತಲೆ ಅಲ್ಲಾಡಿಸಿ ಬರೆದುಕೊಂಡು ಹೋಗುತ್ತಾರೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ನಾನು ಅಳುತ್ತ ಕುಳಿತೆ. ಆಕೆಯೇ ಎದ್ದು ನೀರು ತಂದುಕೊಟ್ಟರು.

ಮನು


ಅಹಮದಾಬಾದ್
೨೪ ಜನವರಿ ೨೦೨೫

ಮನು,

ನಿನ್ನ ಕಾಯಂ ಹುದ್ದೆಯ ಸುದ್ದಿ ತಿಳಿಯಿತು. ಸಂತೋಷ ಪಡು, ಪಾಪಪ್ರಜ್ಞೆ ಇಟ್ಟುಕೊಂಡು ಪಾಠ ಮಾಡಲಾಗುವುದಿಲ್ಲ.

ನಿನ್ನೆ ವಡೋದರಾ ಕೋರ್ಟಿನಲ್ಲಿ ನನ್ನ ಸಾಕ್ಷ್ಯ ಆಯಿತು. ಸರ್ಕಾರಿ ವಕೀಲರು ನನ್ನನ್ನು ಚೆನ್ನಾಗಿಯೇ ಅರೆದರು. ಆಗ ತಪ್ಪಿದ ಕಿವಿ ಈಗ ಸರಿಯಾಗಿದೆ ಎಂದು ಹೇಗೆ ನಂಬುವುದು ಎಂದರು. ಭೀಮಸೇನ ರಾಯರು ದುಭಾಷಿಯಾಗಿ ಬಂದಿದ್ದಾರೆ, ಅವರನ್ನು ಕೇಳಿ, ನಿಘಂಟು ನೋಡಿ ಎಂದೆ. ನ್ಯಾಯಾಧೀಶರು ಪುಟ ತಿರುವಿ ನೋಡಿ, ಈ ಶಬ್ದದ ಅರ್ಥ ಎಸೆಯುವುದು ಎಂದು ದಾಖಲಿಸಿಕೊಂಡರು. ಆದರೆ ಗಂಡ ಎಸೆದ ಎನ್ನುವುದು ನೀವು ಕೇಳಿದ ಮಾತು, ಆಕೆ ಈಗ ವಿಚಾರಣೆಗೆ ಅರ್ಹಳಾಗಿರುವುದರಿಂದ ಏನಾಯಿತೆಂದು ಆಕೆಯೇ ಹೇಳಲಿ ಎಂದರು. ಶಾಂತಾಳ ಪರ ಕೋರ್ಟು ಕೊಟ್ಟ ವಕೀಲ ಸತ್ಯಪ್ರಕಾಶ ಒಳ್ಳೆಯವನು. ಆಕೆ ತನ್ನ ಮಾತು ತಾನು ಹೇಳಿದರೆ ಕೇಸು ತಿರುಗುತ್ತದೆ ಎಂದ.

ನನ್ನ ಮೇಲೆ ಯೂನಿವರ್ಸಿಟಿಯವರು ವಿಚಾರಣಾ ಸಮಿತಿ ಕೂರಿಸಿದ್ದಾರೆ. ಪಾಠ ನಿಲ್ಲಿಸಿದ್ದಾರೆ. ಅದಿರಲಿ. ಫೆಬ್ರುವರಿಯಲ್ಲಿ ಆಕೆಗೆ ಆರೋಪ ಓದಿ ಹೇಳುವ ದಿನವೇ ಆ ಸಮಿತಿಯೂ ಕರೆದಿದೆ, ನಾನು ಬರಲಾಗುವುದಿಲ್ಲ. ನೀನು ಹೋಗು. ಆಕೆಗೆ ಕಾಣುವ ಕಡೆ ಕೂತುಕೋ. ಒಂದು ಶಬ್ದವಾದರೂ ಸರಿಯಾಯಿತಲ್ಲ ಎಂದು ಇವತ್ತು ಬಹಳ ದಿನದ ಮೇಲೆ ಅನ್ನ ರುಚಿಸಿತು.

ಅಪೂರ್ವಾ


ವಡೋದರಾ
೧೪ ಫೆಬ್ರುವರಿ ೨೦೨೫

ಅಪೂರ್ವಾ ಮೇಡಂ,

ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ನೋಡಿದೆ, ನಿಮ್ಮ ದನಿ ಕೇಳಿದ ಕೂಡಲೇ ಕಟ್ ಮಾಡಿದೆ. ನಾನೇ ಅದು.

ನೀವು ಹೇಳಿದ ಹಾಗೆ ಆಕೆಗೆ ಕಾಣುವ ಕಡೆ ಕುಳಿತಿದ್ದೆ. ಹಿಂದಿನ ಸಾಲಿನಲ್ಲಿ ಅನಿಲ್ ಬಂದಿದ್ದ, ಹೊಸ ಹೆಂಡತಿಯ ಜೊತೆ. ಆಕೆಯ ತೊಡೆಯ ಮೇಲೆ ಕೂಸಿತ್ತು. ನ್ಯಾಯಾಧೀಶರು ಸಮಾಧಾನದಿಂದಲೇ ಆರೋಪ ಓದಿಸಿದರು. ಭೀಮಸೇನ ರಾಯರು ಕನ್ನಡದಲ್ಲಿ ಬಿಡಿಸಿ ಹೇಳಿದರು, ಬ್ಯಾಂಕಿನ ಕನ್ನಡ ಅಲ್ಲ, ನಮ್ಮ ಕಡೆಯ ಕನ್ನಡ. ಏನು ಹೇಳುವುದಿದೆ ಎಂದು ಕೇಳಿದರು. ಶಾಂತಾ ನನ್ನ ಕಡೆ ನೋಡಿದರು. ಹೇಳಿ ಎಂದು ನಾನು ತಲೆಯಾಡಿಸಿದೆ. ಸತ್ಯ ಹೇಳಿ ಎಂಬ ಅರ್ಥದಲ್ಲಿ ಆಡಿಸಿದೆ ಮೇಡಂ. ಆಕೆ ಸೆರಗು ತಲೆಯ ಮೇಲೆ ಹೊದ್ದುಕೊಂಡು, ಎದ್ದು ನಿಂತು, ಸ್ಪಷ್ಟವಾಗಿ ಹೇಳಿದರು.

‘ನಾನ ಒಗದೀನ್ರಿ.’

ಭೀಮಸೇನ ರಾಯರು ತಡವರಿಸಲಿಲ್ಲ. ನಾನು ಎಸೆದೆ ಎನ್ನುತ್ತಾಳೆ ಎಂದರು. ನ್ಯಾಯಾಧೀಶರು ನಿಮ್ಮ ಪ್ರಮಾಣಪತ್ರವನ್ನೇ ತೆರೆದು, ಶಬ್ದ ಅದೇ ತಾನೆ ಎಂದು ಮತ್ತೊಮ್ಮೆ ಕೇಳಿದರು. ಅದೇ ಶಬ್ದ. ಯಾರಿಗೂ ಈ ಸಲ ಅರ್ಥ ತಪ್ಪಲಿಲ್ಲ. ಸತ್ಯಪ್ರಕಾಶ ಎದ್ದು ಏನೇನೋ ಹೇಳಿದ, ನ್ಯಾಯಾಧೀಶರು ಯೋಚಿಸಲು ಮುಂದಿನ ತಾರೀಖು ಕೊಟ್ಟರು. ಆದರೆ ಆಡಿದ ಮಾತು ದಾಖಲಾಯಿತು. ಅಷ್ಟರಲ್ಲಿ ಹಿಂದೆ ಕೂಸು ಅಳಲು ಶುರುಮಾಡಿತು. ಅನಿಲ್ ಹೆಂಡತಿಯ ಕೈಯಿಂದ ಅದನ್ನು ಎತ್ತಿಕೊಂಡು ಹೊರಗೆ ಹೋದ. ಆತನ ಹಿಂದೆ ಓಡಿಹೋಗಬೇಕೆನಿಸಿತು. ಹೋಗಲಿಲ್ಲ.

ಹೊರಗೆ ಪೊಲೀಸಿನ ಹೆಂಗಸರ ನಡುವೆ ಆಕೆಯನ್ನು ನಿಲ್ಲಿಸಿದ್ದರು. ಯಾಕೆ ಹಾಗೆ ಹೇಳಿದಿರಿ ಅಕ್ಕಾ ಎಂದು ಕೇಳಿದೆ. ‘ಅಂವ ಒಗದಾನ ಅಂದ್ರ ಹುಚ್ಚಿ ಅಂತಿದ್ರಿ. ನೀವ ಹೇಳಿದ್ರಲ್ರಿ, ಆ ಮಾತ ಬಿಡು ಅಂತ. ಬಿಟ್ಟೀನಿ’ ಎಂದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಪಾಠ ಒಪ್ಪಿಸಿದ ಹುಡುಗಿಯ ಹಾಗೆ ನನ್ನ ಮುಖ ನೋಡುತ್ತಿದ್ದರು.

ವ್ಯಾನು ಬಂತು. ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡು ಕೇಳಿದರು.

‘ಈಗ ನನಗ ಆರಾಮ ಆತಲ್ರಿ, ಅಕ್ಕಾರ? ಊರಿಗೆ ಕಳಸ್ತಾರಲ್ರಿ?’

ಹೂಂ ಎಂದೆ ಮೇಡಂ. ಬೇರೆ ಏನು ಹೇಳಬೇಕಿತ್ತೋ ನೀವೇ ಬರೆದು ತಿಳಿಸಿ.

ಮನಸ್ವಿನಿ